ಅಡ್ಜಸ್ಟ್ ಮಾಡಿಕೊಳ್ಳುವ ಮಗು ಇನ್ನೂ ಹುಟ್ಟಿಲ್ಲ

ನಮಸ್ಕಾರ. ದನಿ ಇವತ್ತು ಸ್ವಲ್ಪ ಸಣ್ಣಗೆ ಕೇಳಿಸಬಹುದು. ಪಕ್ಕದ ಕೋಣೆಯಲ್ಲಿ ಮಗಳು ಮಲಗಿದ್ದಾಳೆ. ನನಗೆ ಕೂಗಾಡುವಷ್ಟು ಸಿಟ್ಟು ಬಂದಿದೆ, ಆದರೆ ಪಿಸುದನಿಯಲ್ಲೇ ಕೂಗಾಡಬೇಕು. ಹೊಸದಾಗಿ ಅಪ್ಪ ಅಮ್ಮ ಆದವರಿಗೆ ಈ ವಿದ್ಯೆ ತಾನಾಗಿಯೇ ಬಂದುಬಿಡುತ್ತದೆ. ಬಾಯಿ ಪೂರ್ತಿ ತೆರೆದಿರುತ್ತದೆ, ಕತ್ತಿನ ನರ ಉಬ್ಬಿರುತ್ತದೆ, ಶಬ್ದ ಮಾತ್ರ ಇರುವುದಿಲ್ಲ.

ಸಿಟ್ಟಿಗೆ ಕಾರಣ ಒಂದು ಕಾಮೆಂಟ್. ಹೋದ ವಾರ ಕೂಸನ್ನು ಕಟ್ಟಿಕೊಂಡು ಪ್ರವಾಸ ಹೋಗುವುದರ ಬಗ್ಗೆ ವಿಡಿಯೋ ಹಾಕಿದ್ದೆ, ನೋಡಿರುತ್ತೀರಿ. ನೋಡಿಲ್ಲ ಅಂದರೆ ಇದು ಮುಗಿದ ಮೇಲೆ ನೋಡಿ, ಈಗಲೇ ಓಡಬೇಡಿ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಮಗು ನಿಮಗೆ ಅಡ್ಜಸ್ಟ್ ಆಗಬೇಕು ಮೇಡಂ, ನೀವು ಮಗುವಿಗೆ ಅಲ್ಲ. ನಾವು ನಾಲ್ಕು ದಿನದಲ್ಲಿ ಮೂರು ಊರು ನೋಡಿಕೊಂಡು ಬಂದೆವು. ಏನೂ ಆಗಲಿಲ್ಲ." ಕೊನೆಯಲ್ಲಿ ಕಪ್ಪು ಕನ್ನಡಕದ ಇಮೋಜಿ ಬೇರೆ.

ಅದಕ್ಕೆ ಸುಮಾರು ಜನ ಲೈಕ್ ಒತ್ತಿದ್ದಾರೆ. ಯಾರ್ಯಾರು ಅಂತ ನೋಡುತ್ತಾ ಹೋದೆ. ಒಂದು ಲೈಕ್ ನನ್ನ ಗಂಡನದ್ದು. ಕೈ ತಪ್ಪಿ ಒತ್ತಿದೆ ಅನ್ನುತ್ತಾನೆ. ಈ ವಿಡಿಯೋ ಎಡಿಟ್ ಮಾಡುವುದೂ ಅವನೇ. ಈ ಭಾಗ ಕತ್ತರಿಸಿದರೆ ಗೊತ್ತಾಗುತ್ತದೆ, ನೆನಪಿರಲಿ.

ಸರಿ. ಇವತ್ತು ನಾನು ಹೇಳುವುದು ಒಂದೇ ಮಾತು. ಪುಟ್ಟ ಮಗು ಇದ್ದರೆ ಪ್ರವಾಸ ಹೋಗಿ, ಖಂಡಿತ ಹೋಗಿ. ಆದರೆ ಒಂದು ಪ್ರವಾಸಕ್ಕೆ ಒಂದೇ ಕೋಣೆ. ಹೋದ ದಿನ ಎಲ್ಲಿ ಬ್ಯಾಗ್ ಇಳಿಸುತ್ತೀರೋ, ವಾಪಸ್ ಹೊರಡುವ ದಿನ ಅಲ್ಲಿಂದಲೇ ಬ್ಯಾಗ್ ಎತ್ತಬೇಕು. ನಡುವೆ ಇನ್ನೊಂದು ಊರು, ಇನ್ನೊಂದು ರೂಮು, "ಹೇಗೂ ಇಷ್ಟು ದೂರ ಬಂದಿದ್ದೀವಿ" ಅನ್ನುವ ರಾಗ, ಯಾವುದೂ ಬೇಡ. ಯಾಕೆ ಅಂದರೆ ಮಗು ಅಡ್ಜಸ್ಟ್ ಆಗಲ್ಲ. ಅಡ್ಜಸ್ಟ್ ಆಗುವುದು ದೊಡ್ಡವರು. ಅವರೂ ಆಗುವುದಿಲ್ಲ, ಆದ ಹಾಗೆ ನಟಿಸುತ್ತಾರೆ.

ಇದನ್ನು ನಾನು ಓದಿ ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಮಗಳಿಗೆ ಆಗ 5 ತಿಂಗಳು. ಮಗು ಆದರೂ ನಾವು ಏನೂ ಬದಲಾಗಿಲ್ಲ ಅಂತ ತೋರಿಸಬೇಕಿತ್ತು. ಯಾರಿಗೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಗಂಡ ಎಕ್ಸೆಲ್ ಶೀಟ್ ಮಾಡಿದ್ದ. ಹಸಿರು ಸಾಲು ನೋಡುವ ಜಾಗ, ಹಳದಿ ಸಾಲು ಪ್ರಯಾಣ. ನಿದ್ದೆಗೆ ಬಣ್ಣವೇ ಇರಲಿಲ್ಲ, ಯಾಕೆಂದರೆ ನಿದ್ದೆಗೆ ಸಾಲೇ ಇರಲಿಲ್ಲ. ಮೂರು ರಾತ್ರಿ, ಮೂರು ಕೋಣೆ.

ಮೊದಲ ಕೋಣೆಯ ಪರದೆ ಎರಡು ತುಂಡು. ನಡುವೆ ಒಂದು ಗೇಣು ಸಂದು. ಹೊರಗಿನ ದೀಪ ನೇರವಾಗಿ ಅವಳ ಮುಖದ ಮೇಲೆ. ನನ್ನ ತಲೆಯಲ್ಲಿದ್ದ ನಾಲ್ಕು ಕ್ಲಿಪ್ ತೆಗೆದು ಪರದೆಗೆ ಹಾಕಿದೆ. ಆಮೇಲೆ ಟಿವಿಯ ಕೆಂಪು ದೀಪ. ನಮ್ಮ ಕಣ್ಣಿಗೆ ಅದು ಸಾಸಿವೆ ಕಾಳು. ಅವಳು ಅದನ್ನು ಚಂದ್ರನನ್ನು ನೋಡುವ ಹಾಗೆ ನೋಡುತ್ತಿದ್ದಳು, ಕಣ್ಣು ಮುಚ್ಚದೆ. ಅದರ ಮೇಲೆ ಬೆರಳಿಗೆ ಹಾಕುವ ಬ್ಯಾಂಡೇಜ್ ಅಂಟಿಸಿದೆವು. ಎಸಿಯ ಮೇಲೆ ಹೊಳೆಯುವ ಅಂಕಿ ಇತ್ತು, ಅದಕ್ಕೆ ಗಂಡನ ಕಾಲುಚೀಲ. ಇಷ್ಟೆಲ್ಲ ಆಗಿ ಅವಳು ಮಲಗುವಾಗ ರಾತ್ರಿ ಹನ್ನೆರಡು. ಕೋಣೆ ಅನ್ನುವುದು ಅವಳಿಗೆ ಒಗ್ಗಿತು, ಬೆಳಗ್ಗೆ ಏಳಕ್ಕೆ ನಾವು ಖಾಲಿ ಮಾಡಿದೆವು. ಕ್ಲಿಪ್ ಅಲ್ಲೇ ಉಳಿದವು.

ಎರಡನೇ ರಾತ್ರಿ, ಎರಡನೇ ಕೋಣೆ. ಬೇರೆ ಪರದೆ, ಬೇರೆ ದೀಪ, ಬೇರೆ ಹಾಸಿಗೆಯ ವಾಸನೆ. ಮತ್ತೆ ಮೊದಲಿನಿಂದ. ಮೂರು ಗಂಟೆ ರಾತ್ರಿಯಲ್ಲಿ ನಾನು ಬಚ್ಚಲುಮನೆಯಲ್ಲಿ, ದೀಪ ಆರಿಸಿಕೊಂಡು, ಕಮೋಡಿನ ಮುಚ್ಚಳದ ಮೇಲೆ ಮಗುವನ್ನು ಎತ್ತಿಕೊಂಡು ಕೂತಿದ್ದೆ. ಅಲ್ಲಿನ ಎಕ್ಸಾಸ್ಟ್ ಫ್ಯಾನ್ ಗುಂಯ್ ಅನ್ನುತ್ತಿದ್ದರೆ ಮಾತ್ರ ಅವಳು ಅಳು ನಿಲ್ಲಿಸುತ್ತಿದ್ದಳು. ಬಾಗಿಲಿನ ಹೊರಗೆ ನೆಲದ ಮೇಲೆ ಗಂಡ. ಫೋನಿನ ಬೆಳಕು ಅವನ ಮುಖದ ಮೇಲೆ. "ನಾಳೆ ಆರೂವರೆಗೆ ಬಿಟ್ಟರೆ ಸೂರ್ಯೋದಯ ಸಿಗುತ್ತದೆ" ಅಂದ. ನಾನು ಏನೂ ಹೇಳಲಿಲ್ಲ. ಸುಮ್ನೆ ನೋಡಿದೆ. ಅವನು ಫೋನ್ ಆಫ್ ಮಾಡಿದ.

ಮೂರನೇ ಊರಿನ ಬಗ್ಗೆ ನನಗೆ ನೆನಪಿರುವುದು ಅದರ ಪಾರ್ಕಿಂಗ್ ಮಾತ್ರ. ಕಾರಿನ ಡಿಕ್ಕಿಯಲ್ಲಿ ಡಯಾಪರ್ ಬದಲಾಯಿಸಿದ್ದು. ಒಂದು ಫೋಟೋ ಇದೆ, ಮೂವರದ್ದೂ ಕಣ್ಣು ಮುಚ್ಚಿದೆ.

ಈಗ ಕಪ್ಪು ಕನ್ನಡಕದವರೇ, ಸ್ವಲ್ಪ ಕೇಳಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಲಗಿದವರ ಮೆದುಳನ್ನು ಅಳೆದು ನೋಡಿದರು. ಗಾಢ ನಿದ್ದೆಯಲ್ಲೂ ಎಡ ಅರ್ಧ ಬಲ ಅರ್ಧದಷ್ಟು ಆಳಕ್ಕೆ ಇಳಿದಿರಲಿಲ್ಲ. ಸಣ್ಣ ಸದ್ದಿಗೂ ಅದು ಎಚ್ಚೆತ್ತುಕೊಳ್ಳುತ್ತಿತ್ತು. ಅಂದರೆ ಅರ್ಧ ಮೆದುಳು ಮಲಗಿದೆ, ಇನ್ನರ್ಧ ಬಾಗಿಲಲ್ಲಿ ಕಾವಲು ಕೂತಿದೆ. ಅದೇ ಜಾಗದಲ್ಲಿ ಮತ್ತೆ ಮಲಗಿದಾಗ ಕಾವಲು ಸಡಿಲವಾಗುತ್ತದೆ. ಇದಕ್ಕೆ ಮೊದಲ ರಾತ್ರಿಯ ಪರಿಣಾಮ ಅನ್ನುತ್ತಾರೆ. ಗಮನಿಸಿ, ಇದು ದೊಡ್ಡವರ ಮೇಲೆ ಮಾಡಿದ ಪರೀಕ್ಷೆ. ಮನೆ ಸಾಲ ಕಟ್ಟುವ, ಗಾಡಿ ಓಡಿಸುವ, ಗಡ್ಡ ಬಂದವರ ಮೆದುಳೇ ಮೊದಲ ರಾತ್ರಿ ಅಡ್ಜಸ್ಟ್ ಆಗುವುದಿಲ್ಲ. ನಿಮ್ಮ ಎಂಟು ಕಿಲೋ ಕೂಸು ಆಗಬೇಕಂತೆ.

ಮೂರು ರಾತ್ರಿ ಒಂದೇ ಕೋಣೆಯಲ್ಲಿ ಇದ್ದರೆ ಮೊದಲ ರಾತ್ರಿ ಒಂದು. ಮೂರು ಕೋಣೆ ಅಂದರೆ ಮೂರೂ ಮೊದಲ ರಾತ್ರಿ. ಇದಕ್ಕೆ ಎಕ್ಸೆಲ್ ಶೀಟ್ ಬೇಕಾ?

ಒಂದೇ ಕೋಣೆ. ಹೇಳಿ ನನ್ನ ಜೊತೆ. ಪಿಸುದನಿಯಲ್ಲಿ.

ಮಗು ಎಷ್ಟು ಹೊತ್ತು ಮಲಗಬೇಕು ಗೊತ್ತಾ? 4ರಿಂದ 12 ತಿಂಗಳ ಮಕ್ಕಳಿಗೆ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರೇ ಹೇಳುತ್ತಾರೆ, ಹಗಲಿನ ಕೋಳಿನಿದ್ದೆ ಸೇರಿಸಿ. ಒಂದು ದಿನಕ್ಕೆ 24 ಗಂಟೆ. ಪ್ರವಾಸ ಅಂತ 30 ಗಂಟೆ ಕೊಡುವುದಿಲ್ಲ ಯಾರೂ. ಉಳಿದ ಎಂಟರಿಂದ ಹನ್ನೆರಡು ಗಂಟೆಯಲ್ಲಿ ಹಾಲು, ಸ್ನಾನ, ಬಟ್ಟೆ, ಕಾರಣವಿಲ್ಲದ ಅಳು, ಕಾರಣವಿಲ್ಲದ ನಗು. ನೋಡುವುದಕ್ಕೆ ನಿಮಗೆ ಸಿಗುವುದು ಬೆಳಗ್ಗೆ ಒಂದು ಎರಡು ಗಂಟೆ, ಸಂಜೆ ಒಂದು ಎರಡು ಗಂಟೆ. ದಿನಕ್ಕೆ ಒಂದು ಜಾಗ ನೋಡಿ. ಅದೂ ಕೋಣೆಯಿಂದ ಹತ್ತಿರದ್ದು.

ಇನ್ನು ನಿಮ್ಮ ವಾದಗಳು. ಎಲ್ಲವನ್ನೂ ಓದಿದ್ದೇನೆ, ರಾತ್ರಿ ಹಾಲು ಕುಡಿಸುವಾಗ ನನಗೆ ಬೇರೆ ಏನು ಕೆಲಸ.

ಮೊದಲನೆಯದು, "ಕಾರಿನಲ್ಲಿ ಮಲಗುತ್ತದೆ ಬಿಡಿ." ಮಲಗುತ್ತದೆ, ನಿಜ. ಆದರೆ ಕಾರ್ ಸೀಟ್ ತೊಟ್ಟಿಲಲ್ಲ. ಪ್ರಯಾಣದಲ್ಲಿ ಮಗು ಅದರಲ್ಲೇ ಕೂರಬೇಕು, ಅದೂ ಹಿಂದಕ್ಕೆ ಮುಖ ಮಾಡಿ. ಮಡಿಲಲ್ಲಿ ಕೂರಿಸಿಕೊಂಡು ಹೋಗುವವರ ಜೊತೆ ನಾನು ಮಾತೇ ಆಡುವುದಿಲ್ಲ. ಆದರೆ ಪುಟ್ಟ ಕೂಸು ಅದರಲ್ಲಿ ತುಂಬ ಹೊತ್ತು ಮಲಗಿದರೆ ಕತ್ತು ಮುಂದಕ್ಕೆ ವಾಲಿ ಗದ್ದ ಎದೆಗೆ ತಗಲುತ್ತದೆ. ಉಸಿರಿನ ದಾರಿ ಕಿರಿದಾಗುತ್ತದೆ. ಅದಕ್ಕೇ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎತ್ತಿಕೊಳ್ಳಿ ಅನ್ನುವುದು, ತಲುಪಿದ ಕೂಡಲೇ ಸಮತಟ್ಟಾದ ಹಾಸಿಗೆಯ ಮೇಲೆ ಬೆನ್ನು ತಾಗುವಂತೆ ಮಲಗಿಸಿ ಅನ್ನುವುದು. "ಮಲಗಿದೆ, ಸೀಟ್ ಸಮೇತ ರೂಮಿಗೆ ತಂದಿಡೋಣ" ಅಂತ ಹೇಳಿದವರು ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಹೆಸರು ಬೇಡ. ಎಡಿಟ್ ಮಾಡುತ್ತಿರುತ್ತಾರೆ ಈಗ.

ಎರಡನೆಯದು, "ಅಜ್ಜಿ ತಾತನನ್ನು ಕರೆದುಕೊಂಡು ಹೋಗಿ, ಅವರು ನೋಡಿಕೊಳ್ಳುತ್ತಾರೆ." ಪಾಪ, ನೋಡಿಕೊಳ್ಳುತ್ತಾರೆ. ಆದರೆ ಎಂಟು ಒಂಬತ್ತು ತಿಂಗಳಿಗೆ ಮಗುವಿಗೆ ಒಂದು ಹೊಸ ಬುದ್ಧಿ ಬರುತ್ತದೆ. ಕಣ್ಣಿಂದ ಮರೆಯಾದ ಅಮ್ಮ ಎಲ್ಲೋ ಇದ್ದಾಳೆ, ನನ್ನ ಹತ್ತಿರ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಬೆಳವಣಿಗೆಯ ಲಕ್ಷಣ, ಒಳ್ಳೆಯದೇ. ಅದರ ಫಲ ಏನು? ನಾನು ಬಚ್ಚಲುಮನೆಗೆ ಹೋದರೆ ಬಾಗಿಲಿನ ಕೆಳಗಿನ ಸಂದಿಯಲ್ಲಿ ಐದು ಪುಟ್ಟ ಬೆರಳು. ಮನೆಯಲ್ಲೇ ಹೀಗೆ. ಹೊಸ ಊರು, ಹೊಸ ಕೋಣೆ, ಅಮ್ಮ ಇಲ್ಲ ಅಂದರೆ ಅಜ್ಜಿಯೂ ಅವಳಿಗೆ ಅಪರಿಚಿತೆ. ಒಂದೇ ಕೋಣೆಯಾದರೆ ಕನಿಷ್ಠ ಗೋಡೆಯಾದರೂ ಪರಿಚಯದ್ದು.

ಮೂರನೆಯದು, "ಮಗುವಿಗೆ ಏನೂ ನೆನಪಿರುವುದಿಲ್ಲ, ಯಾಕೆ ಹೋಗಬೇಕು?" ನೆನಪಿರುವುದಿಲ್ಲ. ಮೂರು ವರ್ಷದ ಕೆಳಗಿನದ್ದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ನಾನು ಹೋಗುವುದು ನನಗೋಸ್ಕರ. ಮುಂದೆ.

ನಾಲ್ಕನೆಯದು, ನನಗೆ ತುಂಬ ಇಷ್ಟವಾದದ್ದು. "ಒಬ್ಬರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದ್ದಾರೆ, ರೀಲ್ ನೋಡಿ." ನೋಡಿದೆ. ನಲವತ್ತು ಸೆಕೆಂಡಿನ ರೀಲ್. ನಮ್ಮ ಮಗಳೂ ನಲವತ್ತು ಸೆಕೆಂಡ್ ಬಂಗಾರದಂಥ ಮಗುವೇ. ಉಳಿದ ದಿನದ ರೀಲ್ ಹಾಕಿ, ಆಮೇಲೆ ಮಾತಾಡೋಣ.

ನಡುವೆ ಒಂದು ಮಾತು. ಪ್ರವಾಸದ ಬ್ಯಾಗಿನಲ್ಲಿ ಏನೇನಿರಬೇಕು ಅನ್ನುವ ಪಟ್ಟಿ ಕೆಳಗೆ ಲಿಂಕ್‌ನಲ್ಲಿದೆ. ಬಿಟ್ಟಿ. ಬದಲಿಗೆ ಒಂದು ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಗಂಟೆ ಒತ್ತಿದರೆ ಇಲ್ಲಿ ಶಬ್ದ ಬರುವುದಿಲ್ಲ, ಮಗು ಏಳುವುದಿಲ್ಲ, ಧೈರ್ಯವಾಗಿ ಒತ್ತಿ. ಪ್ರಾಯೋಜಕರು ಯಾರೂ ಇಲ್ಲ. ಪರದೆ ಮಾಡುವ ಕಂಪನಿಯವರು ಯಾರಾದರೂ ನೋಡುತ್ತಿದ್ದರೆ, ನಾನು ಇಲ್ಲೇ ಇದ್ದೇನೆ.

ಆ ಪಟ್ಟಿಯಲ್ಲಿ ನೀವು ಜಾಸ್ತಿ ಬೈದದ್ದು ಹಾಲಿನ ವಿಷಯಕ್ಕೆ. "ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?" ಕೆಡಿಸಿಕೊಳ್ಳಬೇಕು. ಪುಡಿ ಹಾಲು ಕಲಸಿದ ಮೇಲೆ ಹೊರಗಿಟ್ಟರೆ ಎರಡು ಗಂಟೆಯೊಳಗೆ ಮುಗಿಯಬೇಕು, ಮಗು ಬಾಯಿ ಹಾಕಿದ ಮೇಲಂತೂ ಒಂದು ಗಂಟೆ. ಹಿಂಡಿಟ್ಟ ಎದೆಹಾಲು ಸಾಮಾನ್ಯ ಕೋಣೆಯ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಈಗ ಹೇಳಿ, ಫ್ರಿಜ್ ಎಲ್ಲಿರುತ್ತದೆ? ಕೋಣೆಯಲ್ಲಿ. ಬಾಟಲಿ ಕುದಿಸುವ ಕೆಟಲ್ ಎಲ್ಲಿ? ಕೋಣೆಯಲ್ಲಿ. ನೀವು ಎಲ್ಲಿ? ಹಳದಿ ಸಾಲಿನಲ್ಲಿ, ಟ್ರಾಫಿಕ್‌ನಲ್ಲಿ. ಒಂದೇ ಕೋಣೆ ಅನ್ನುವುದು ಸೋಮಾರಿತನ ಅಲ್ಲ ಸ್ವಾಮಿ, ಫ್ರಿಜ್ ಲೆಕ್ಕ ಅದು.

ವಿಮಾನದ ಬಗ್ಗೆ ಕೇಳಿದವರಿದ್ದಾರೆ. ನನ್ನ ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. ಮಗು ಅಳುವುದು ಕಿವಿಗೆ. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇದೆ. ನುಂಗಿದಾಗ ಅದು ತೆರೆದುಕೊಂಡು ಒತ್ತಡ ಸರಿಹೋಗುತ್ತದೆ. ಮಕ್ಕಳಲ್ಲಿ ಅದು ಕಿರಿದು, ಜೊತೆಗೆ ಅಡ್ಡಡ್ಡಕ್ಕೆ ಇರುತ್ತದೆ. ನಾವು ಆಕಳಿಸುತ್ತೇವೆ, ಎಂಜಲು ನುಂಗುತ್ತೇವೆ. ಅವರಿಗೆ ಅದು ಹೊಳೆಯುವುದಿಲ್ಲ. ಅದಕ್ಕೆ ಹಾಲು ಕುಡಿಸಿ. ಏರುವಾಗಲ್ಲ, ಇಳಿಯುವಾಗ ಮುಖ್ಯ. ಚಕ್ರ ನೆಲ ಮುಟ್ಟುವ ಹೊತ್ತಿಗಲ್ಲ, ವಿಮಾನ ಕೆಳಗಿಳಿಯಲು ಶುರು ಮಾಡಿದಾಗಲೇ. ಅದು ಸುಮಾರು ಅರ್ಧ ಗಂಟೆ ಮೊದಲೇ ಶುರುವಾಗಿರುತ್ತದೆ. ನಾನು ಮೊದಲ ಸಲ ಏರುವಾಗಲೇ ಎಲ್ಲ ಕುಡಿಸಿ ಮುಗಿಸಿದ್ದೆ. ಇಳಿಯುವಾಗ ಹೊಟ್ಟೆ ತುಂಬಿದ ಮಗು, ಖಾಲಿ ಬಾಟಲಿ, ಹಿಂದಿನ ಸೀಟಿನವರ ನಿಟ್ಟುಸಿರು. ಇಷ್ಟೆಲ್ಲ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ನಡುವೆ ಇನ್ನೂ ಒಂದು ಸಲ ಬೇಕು ಅನ್ನುವವರಿಗೆ ನನ್ನ ದೊಡ್ಡ ನಮಸ್ಕಾರ.

ದೂರದ ದೇಶ ಅಂದರೆ ಇನ್ನೊಂದು ಗೋಳು. ಹುಟ್ಟಿದ ಕೂಸಿಗೆ ಹಗಲು ರಾತ್ರಿಯ ಭೇದವೇ ಇರುವುದಿಲ್ಲ. ಎರಡು ಮೂರು ತಿಂಗಳಿಗೆ ಒಳಗಿನ ಗಡಿಯಾರ ನಿಧಾನಕ್ಕೆ ಟಿಕ್ ಅನ್ನಲು ಶುರು ಮಾಡುತ್ತದೆ. ನಾವು ಕಷ್ಟಪಟ್ಟು ಅದನ್ನು ಸರಿ ಮಾಡಿಕೊಂಡಿರುತ್ತೇವೆ. ಆಮೇಲೆ ಐದು ಗಂಟೆ ಹಿಂದಿರುವ ದೇಶಕ್ಕೆ ಹಾರುತ್ತೇವೆ. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಹಿಡಿಯುತ್ತದೆ ಅಂತ ಲೆಕ್ಕ. ನಿಮ್ಮ ಪ್ರವಾಸವೇ ಐದು ದಿನ. ಮಗು ಸರಿಹೋದ ದಿನ ವಾಪಸ್ ಟಿಕೆಟ್.

ಅಯ್ಯೋ. ಕೇಳಿಸಿತಾ? ಒಂದು ನಿಮಿಷ.

ಬಂದೆ. ಎದ್ದುಬಿಟ್ಟಳು. ಮೂವತ್ತೆರಡು ನಿಮಿಷ ಮಲಗಿದ್ದಾಳೆ, ಅವಳ ಮಟ್ಟಿಗೆ ದೊಡ್ಡ ಉಪಕಾರ. ಇವಳೇ ನಮ್ಮ ಬಾಸ್. ಮುಖ ತೋರಿಸುವುದಿಲ್ಲ, ತಲೆಯ ಹಿಂಭಾಗ ನೋಡಿ. ಕೂದಲು ಉಜ್ಜಿ ಉಜ್ಜಿ ಅರ್ಧ ಬೋಳಾಗಿದೆ, ನಮ್ಮ ಉಳಿತಾಯದ ಹಾಗೆ. ಒಂದು ಲಾಭ ಅಂದರೆ ಇನ್ನು ನಾನು ಜೋರಾಗಿ ಮಾತಾಡಬಹುದು.

ಮಗು ಅಡ್ಜಸ್ಟ್ ಆಗಲ್ಲ! ಆಹಾ, ಎಷ್ಟು ಹಿತವಾಯಿತು. ಇನ್ನೊಂದು ಸಲ. ಅಡ್ಜಸ್ಟ್ ಆಗಲ್ಲ! ಬೇಡ ಪುಟ್ಟ, ಮೈಕಿನ ಸ್ಪಂಜ್ ತಿನ್ನಬೇಡ. ಮೈಕ್ ಗುಡುಗುಡು ಅಂದರೆ ಅದು ಹಲ್ಲು, ತಾಂತ್ರಿಕ ದೋಷ ಅಲ್ಲ. ಎರಡು ಹಲ್ಲು ಬಂದಿವೆ.

ಎಲ್ಲಿದ್ದೆ? ಹಾಂ, "ಏನೂ ಆಗಲಿಲ್ಲ" ಅಂದಿದ್ದಾರಲ್ಲ. ಏನೂ ಆಗಲಿಲ್ಲ ಅನ್ನುವುದು ಒಂದು ಪ್ರವಾಸದ ಗುರಿಯಾ? ಖುಷಿಯಾಯಿತು ಅಂದಿದ್ದರೆ ಸುಮ್ಮನಿರುತ್ತಿದ್ದೆ. ಯುದ್ಧಕ್ಕೆ ಹೋಗಿ ಬಂದವರ ಹಾಗೆ, ಏನೂ ಆಗಲಿಲ್ಲವಂತೆ. ಮತ್ತೆ ಮಗುವನ್ನು ಯಾರು ಹಿಡಿದುಕೊಂಡಿದ್ದರು? ಬರೆದವರ ಪ್ರೊಫೈಲ್ ಫೋಟೋದಲ್ಲಿ ಮೂರು ಊರಿದೆ, ಮಗು ಒಂದರಲ್ಲೂ ಇಲ್ಲ. ಕ್ಯಾಮೆರಾದ ಈಚೆ ಒಬ್ಬಳು ಅಮ್ಮ ನಿಂತಿರುತ್ತಾಳೆ, ಅವಳ ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಮಗು. ಅವಳು ಬಂದು ಕಾಮೆಂಟ್ ಹಾಕಲಿ. ನಾನು ಪಿನ್ ಮಾಡುತ್ತೇನೆ.

ಎರಡನೇ ಪ್ರವಾಸಕ್ಕೆ ಹೋದೆವು ನಾವು, ಮಗಳಿಗೆ 8 ತಿಂಗಳು ಇದ್ದಾಗ. ನಾಲ್ಕು ರಾತ್ರಿ, ಒಂದೇ ಕೋಣೆ. ಮೊದಲ ರಾತ್ರಿ ರಂಪ. ಎರಡನೇ ರಾತ್ರಿ ಅರ್ಧ ರಂಪ. ಮೂರನೇ ದಿನ ಮಧ್ಯಾಹ್ನ ಅವಳು ಆ ಕೋಣೆಯ ಕುರ್ಚಿ ಹಿಡಿದುಕೊಂಡು ಮೊದಲ ಸಲ ಎದ್ದು ನಿಂತಳು. ಸಾಮಾನ್ಯ ಮರದ ಕುರ್ಚಿ. ಎರಡು ದಿನದಿಂದ ಅದನ್ನೇ ನೋಡುತ್ತಿದ್ದಳು, ಅಳತೆ ತೆಗೆದುಕೊಂಡವಳ ಹಾಗೆ. ಅವತ್ತು ನಾವು ಹೊರಗೆ ಹೋಗಿರಲೇ ಇಲ್ಲ. ಗಂಡ ಕಿಟಕಿಯ ಹತ್ತಿರ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಲಿಲ್ಲ. ಅವನು ಏಳುವಷ್ಟರಲ್ಲಿ ಅವಳು ಕೂತುಬಿಟ್ಟಿದ್ದಳು. ಇವತ್ತಿಗೂ ನಂಬುವುದಿಲ್ಲ ಅವನು, ಫೋಟೋ ಎಲ್ಲಿ ಅನ್ನುತ್ತಾನೆ.

ಯಾಕೆ ಒಂದೇ ಕೋಣೆ ಅಂದರೆ, ನಾನು ಹೇಳುತ್ತಿದ್ದೇನೆ ಅದಕ್ಕೆ. ಕಾರಣ ಬೇಕಾದವರು ವಿಡಿಯೋ ಹಿಂದಕ್ಕೆ ಓಡಿಸಿ ನೋಡಿ, ಅಲ್ಲಿ ಇದ್ದವು. ಟೀ ಶರ್ಟ್ ಮಾಡಿಸೋಣ ಅಂತಿದ್ದೇನೆ. ಮುಂದೆ "ಒಂದೇ ಕೋಣೆ", ಹಿಂದೆ "ಅಡ್ಜಸ್ಟ್ ಆಗಲ್ಲ". ಭುಜದ ಮೇಲೆ ಹಾಲು ಕಕ್ಕಿದ ಕಲೆ ಮೊದಲೇ ಪ್ರಿಂಟ್ ಆಗಿರುತ್ತದೆ, ಹೇಗೂ ಬೀಳುತ್ತದಲ್ಲ. ಬೇಕಾದವರು ಕೆಳಗೆ ಸೈಜ್ ಬರೆಯಿರಿ.

ಆಮೇಲೆ, ಇದನ್ನು ಹೇಳಬಾರದು ಅಂತಿದ್ದೆ. ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಇವತ್ತು ಬೆಳಗ್ಗೆ ಗಂಡನ ಲ್ಯಾಪ್‌ಟಾಪ್ ತೆರೆದಿತ್ತು. ಒಂದು ಶೀಟ್. ಹಸಿರು ಸಾಲು, ಹಳದಿ ಸಾಲು. ಈ ಸಲ ನಿದ್ದೆಗೂ ಒಂದು ಸಾಲು ಕೊಟ್ಟಿದ್ದಾನೆ, ತಿಳಿ ನೀಲಿ, ಪಾಪ. ಆದರೆ ಮೂರನೇ ರಾತ್ರಿಯ ಎದುರು ಬೇರೆ ಹೋಟೆಲಿನ ಹೆಸರಿದೆ. "ಬರೀ ಒಂದು ರಾತ್ರಿ, ಕೆರೆ ಪಕ್ಕದಲ್ಲೇ ಇದೆ, ನಿನಗೆ ಇಷ್ಟ ಆಗುತ್ತೆ" ಅಂತ ಪಕ್ಕದಲ್ಲಿ ಟಿಪ್ಪಣಿ. ಫೋಟೋ ನೋಡಿದೆ. ಚೆನ್ನಾಗಿದೆ. ತುಂಬ ಚೆನ್ನಾಗಿದೆ. ಪರದೆ ಕೂಡ ದಪ್ಪ ಇದ್ದ ಹಾಗಿತ್ತು.

ದುಡ್ಡು ಕಳೆದುಕೊಳ್ಳದೆ ಕ್ಯಾನ್ಸಲ್ ಮಾಡಲು ಇವತ್ತು ರಾತ್ರಿ ಹನ್ನೆರಡರವರೆಗೆ ಸಮಯ ಇದೆ. ಈಗ ಗಂಟೆ ಎಷ್ಟು? ಬೇಡ, ನೀವು ಕಾಮೆಂಟ್‌ನಲ್ಲಿ ಏನೂ ಹೇಳಬೇಡಿ. ಕಪ್ಪು ಕನ್ನಡಕದವರು ಮೊದಲೇ ಹೇಳಬೇಡಿ. ಪುಟ್ಟ, ಆ ಗುಂಡಿ ಒತ್ತಬೇಡ, ಅದು ರೆಕಾರ್ಡ್